ರಶ್ ಲಿಂಬಾ: ಮೈಕ್ ಮುಂದೆ ಒಬ್ಬನೇ ಕೂತು ಮಾತಾಡಿದವ ಇಷ್ಟು ದೊಡ್ಡವನಾದದ್ದು ಹೇಗೆ?

ತರಂಗ_ಓದುಗ ಕೇಳಿದ್ದು:

ಪತ್ರಿಕೋದ್ಯಮದಲ್ಲಿ ಎಂ.ಎ. ಮಾಡ್ತಿದೀನಿ. ಅಮೆರಿಕದ ಟಾಕ್ ರೇಡಿಯೊ ಬಗ್ಗೆ ಸೆಮಿನಾರ್ ನನ್ನ ಪಾಲಿಗೆ ಬಂದಿದೆ. ಯಾವ ಲೇಖನ ತೆರೆದರೂ ಬಲಪಂಥೀಯ ರೇಡಿಯೊ ನಿರೂಪಕ ರಶ್ ಲಿಂಬಾ ಹೆಸರೇ ಎದುರಾಗುತ್ತೆ. ಓದಿದ್ದರಲ್ಲಿ ಅರ್ಧ ಪೂಜೆ, ಇನ್ನರ್ಧ ಶಾಪ. ಎರಡರಿಂದಲೂ ನನಗೆ ಬೇಕಾದ್ದು ಸಿಗಲಿಲ್ಲ.

ಚುನಾವಣೆಗೆ ನಿಂತವನಲ್ಲ, ಪಕ್ಷದ ಪದಾಧಿಕಾರಿಯೂ ಅಲ್ಲ. ದಿನಕ್ಕೆ ಮೂರು ಗಂಟೆ ರೇಡಿಯೊದಲ್ಲಿ ಮಾತಾಡಿದ, ಅಷ್ಟೇ. ಅಂಥವನಿಗೆ ರಿಪಬ್ಲಿಕನ್ ಪಕ್ಷ ಯಾಕೆ ಹೆದರುತ್ತಿತ್ತು? ಪ್ರಸಾರದಲ್ಲಿ ಎದುರು ಅಭಿಪ್ರಾಯಕ್ಕೂ ಜಾಗ ಕೊಡಬೇಕೆನ್ನೋ ‘ಫೇರ್‌ನೆಸ್ ಡಾಕ್ಟ್ರಿನ್’ ನಿಯಮ ರದ್ದಾಗಿದ್ದೇ ಇದಕ್ಕೆಲ್ಲ ಕಾರಣ ಅಂತಾರಲ್ಲ, ಅಷ್ಟು ಸರಳವೇ? ಅಲ್ಲಿದ್ದು ಕಿವಿಯಾರೆ ಕೇಳಿದವರು ಇದ್ದರೆ ದಯವಿಟ್ಟು ಬರೆಯಿರಿ.

ಐವತ್ತೈದರ_ದಾರಿ:

ನಾನು ಕೇಳಿದೀನಿ. ಇಷ್ಟಪಟ್ಟು ಅಲ್ಲ, ದಾರಿ ಸವೆಯಲಿ ಅಂತ. ತೊಂಬತ್ತರ ದಶಕದಲ್ಲಿ ಸೇಂಟ್ ಲೂಯಿಸ್‌ನಲ್ಲಿದ್ದೆ, ಆಸ್ಪತ್ರೆಗಳ ಲ್ಯಾಬ್ ಯಂತ್ರ ರಿಪೇರಿ ಮಾಡೋ ಕೆಲಸ. ಇಂಟರ್‌ಸ್ಟೇಟ್ 55 ಹಿಡಿದು ಮೆಂಫಿಸ್ ತನಕ ಹೋಗಿ ಬರಬೇಕಿತ್ತು. ವ್ಯಾನಿನ ಕ್ಯಾಸೆಟ್ ಪ್ಲೇಯರ್ ಕೆಟ್ಟಿತ್ತು, ಉಳಿದದ್ದು ಎಎಂ ರೇಡಿಯೊ. ನ್ಯೂಯಾರ್ಕ್‌ನ ಮಧ್ಯಾಹ್ನ ಹನ್ನೆರಡು ಅಂದರೆ ನಮ್ಮಲ್ಲಿ ಹನ್ನೊಂದು. ಆಗ ಶುರುವಾದರೆ ಎರಡು ಗಂಟೆವರೆಗೂ ಒಂದೇ ದನಿ. ಒಂದು ಸ್ಟೇಷನ್ ಗೊರಗೊರ ಅಂತ ಮಸುಕಾಗೋದು. ಗುಂಡಿ ಒಂಚೂರು ತಿರುಗಿಸಿದರೆ ಮುಂದಿನ ಊರಿನ ಸ್ಟೇಷನ್‌ನಲ್ಲಿ ಅದೇ ವಾಕ್ಯದ ಕೊನೆ ಕೇಳಿಸೋದು. ಆರುನೂರು ಸ್ಟೇಷನ್ ಅಂತ ನೀವು ಪುಸ್ತಕದಲ್ಲಿ ಓದೋದನ್ನ ನಾನು ಆ ರಸ್ತೆಯಲ್ಲಿ ಕಿವಿಯಿಂದ ಎಣಿಸಿದೀನಿ ಅನ್ನಬಹುದು.

ಅದೇ ದಾರಿಯಲ್ಲಿ, ಸೇಂಟ್ ಲೂಯಿಸ್‌ನಿಂದ ಸುಮಾರು 115 ಮೈಲಿ ದಕ್ಷಿಣಕ್ಕೆ, ಮಿಸ್ಸಿಸಿಪ್ಪಿ ದಂಡೆಯ ಮೇಲೆ ಕೇಪ್ ಜಿರಾರ್ಡೊ ಸಿಗುತ್ತೆ. ಲಿಂಬಾ ಹುಟ್ಟಿದ ಊರು, 1951ರ ಜನವರಿ 12. ನದಿಯ ನೆರೆ ತಡೆಯೋಕೆ ಕಟ್ಟಿದ ಗೋಡೆಯ ಮೇಲೆ ಮಿಸೌರಿಯ ಪ್ರಸಿದ್ಧರ ಚಿತ್ರಗಳ ಸಾಲಿದೆ, ಅದರಲ್ಲಿ ಈತನೂ ಇದ್ದಾನೆ. ಮನೆತನವೇ ವಕೀಲರದ್ದು. ಅಪ್ಪ ವಕೀಲ, ಎರಡನೇ ಮಹಾಯುದ್ಧದಲ್ಲಿ ಯುದ್ಧವಿಮಾನ ಹಾರಿಸಿದವರು. ಚಿಕ್ಕಪ್ಪ ಅಧ್ಯಕ್ಷ ರೇಗನ್ ನೇಮಿಸಿದ ಫೆಡರಲ್ ನ್ಯಾಯಾಧೀಶ. ಅಜ್ಜ ನೂರು ದಾಟಿದ ಮೇಲೂ ಕಚೇರಿಗೆ ಹೋಗುತ್ತಿದ್ದ ವಕೀಲರು. ಐವತ್ತರ ದಶಕದ ಕೊನೆಯಲ್ಲಿ ಅಮೆರಿಕ ಸರ್ಕಾರದ ಪರವಾಗಿ ಭಾರತಕ್ಕೂ ಬಂದು ಅಮೆರಿಕದ ಕಾನೂನು ವ್ಯವಸ್ಥೆ ಬಗ್ಗೆ ಉಪನ್ಯಾಸ ಕೊಟ್ಟಿದ್ದರು. 104ನೇ ವಯಸ್ಸಿನಲ್ಲಿ ತೀರಿಕೊಂಡರು. ಊರಿನ ಫೆಡರಲ್ ಕೋರ್ಟ್ ಕಟ್ಟಡಕ್ಕೆ ಇಟ್ಟಿರೋದು ಅಜ್ಜನ ಹೆಸರು. ಮೊಮ್ಮಗನ ಹೆಸರೂ ಅದೇ ಆದ್ದರಿಂದ ಪ್ರವಾಸಿಗರು ಗೊಂದಲ ಮಾಡಿಕೊಳ್ಳೋದುಂಟು.

ಇಂಥ ಮನೆಯ ಹುಡುಗನಿಗೆ ಓದು ಹತ್ತಲಿಲ್ಲ. ಹದಿನಾರಕ್ಕೇ ಊರಿನ ಸ್ಟೇಷನ್‌ನಲ್ಲಿ ‘ರಸ್ಟಿ ಶಾರ್ಪ್’ ಅನ್ನೋ ಹೆಸರಲ್ಲಿ ಹಾಡು ಹಾಕುತ್ತಿದ್ದ. ಕಾಲೇಜು ಒಂದು ವರ್ಷಕ್ಕೆ ಮುಗೀತು. ಬಾಲ್‌ರೂಮ್ ನೃತ್ಯದ ಕ್ಲಾಸಲ್ಲೂ ಫೇಲಾದ ಅಂತ ಹೆತ್ತ ತಾಯಿಯೇ ಹೇಳಿಕೊಂಡಿದ್ದಾರೆ. 1971ರಲ್ಲಿ ಪಿಟ್ಸ್‌ಬರ್ಗ್ ಪಕ್ಕದ ಉಕ್ಕಿನ ಊರು ಮೆಕೀಸ್‌ಪೋರ್ಟ್‌ಗೆ ಹೋದ. ಅಲ್ಲಿ ಹೆಸರು ‘ಜೆಫ್ ಕ್ರಿಸ್ಟಿ’. ಕೆಲಸ ಹೋಯಿತು, ಇನ್ನೊಂದು ಸಿಕ್ಕಿತು, ಅದೂ ಹೋಯಿತು. ಕೊನೆಗೆ ರೇಡಿಯೊ ಸಾಕು ಅಂತ 1979ರಲ್ಲಿ ಕ್ಯಾನ್ಸಾಸ್ ಸಿಟಿ ರಾಯಲ್ಸ್ ಬೇಸ್‌ಬಾಲ್ ತಂಡದ ಕಚೇರಿ ಸೇರಿದ. ಗುಂಪು ಟಿಕೆಟ್ ಮಾರೋದು, ಪ್ರಚಾರ ಕಾರ್ಯಕ್ರಮ ನೋಡಿಕೊಳ್ಳೋದು. 1980ರಲ್ಲಿ ಆ ತಂಡ ಬೇಸ್‌ಬಾಲ್‌ನ ಫೈನಲ್ ಆದ ವರ್ಲ್ಡ್ ಸೀರೀಸ್‌ಗೆ ಹೋಯಿತು, ತಂಡದ ಆಟಗಾರ ಜಾರ್ಜ್ ಬ್ರೆಟ್ .390 ಅನ್ನೋ ಅಪರೂಪದ ಸರಾಸರಿಯಲ್ಲಿ ಬ್ಯಾಟ್ ಬೀಸಿದ. ನಮ್ಮ ಕಥಾನಾಯಕ ಅದೇ ಕಟ್ಟಡದಲ್ಲಿ ಕೂತು ಟಿಕೆಟ್ ಲೆಕ್ಕ ಬರೀತಿದ್ದ.

ಇಷ್ಟು ಉದ್ದ ಬರೆದದ್ದಕ್ಕೆ ಕಾರಣ ಇದೆ. ಲಿಂಬಾ ಬಗ್ಗೆ ಬರೆಯೋರು ಶುರುಮಾಡೋದೇ 1988ರಿಂದ, ರಾಜಕೀಯದಿಂದ. ನನ್ನ ಅಭಿಪ್ರಾಯದಲ್ಲಿ ಆತನ ಬಂಡವಾಳವೆಲ್ಲ ಅದಕ್ಕೂ ಮುಂಚಿನ ಇಪ್ಪತ್ತು ವರ್ಷದ್ದು. ಹಾಡು ಶುರುವಾಗಿ ಗಾಯಕ ಬಾಯಿ ತೆರೆಯೋ ಕ್ಷಣದವರೆಗೆ ಇರೋ ಸಂಗೀತದ ಮೇಲೆ ಸರಿಯಾಗಿ ಮಾತು ಮುಗಿಸೋದು, ಜಾಹೀರಾತಿಗೆ ಮೊದಲು ಕೇಳುಗನ ಕುತೂಹಲ ಕೆರಳಿಸಿ ಬಿಟ್ಟು ಹೋಗೋದು, ಇವೆಲ್ಲ ಡಿಸ್ಕ್ ಜಾಕಿಯ ವಿದ್ಯೆ. ಆತ ಅದನ್ನ ತಂದು ತೆರಿಗೆ ಮಸೂದೆಗೆ ಹಚ್ಚಿದ.

1984ರಲ್ಲಿ ಸ್ಯಾಕ್ರಮೆಂಟೊದ ಕೆಎಫ್‌ಬಿಕೆ ಸ್ಟೇಷನ್‌ನಲ್ಲಿ ಮಾರ್ಟನ್ ಡೌನಿ ಜೂನಿಯರ್ ಅನ್ನೋ ನಿರೂಪಕ ಬಿಟ್ಟುಹೋದ ಜಾಗ ಸಿಕ್ಕಿತು. ಮೊದಲ ಸಲ ಸ್ವಂತ ಹೆಸರಲ್ಲಿ ಬೇರೂರಿದ್ದು ಅಲ್ಲೇ. ಎಬಿಸಿ ರೇಡಿಯೊದ ಮುಖ್ಯಸ್ಥನಾಗಿದ್ದ ಎಡ್ ಮೆಕ್‌ಲಾಗ್ಲಿನ್ ಅದನ್ನ ಕೇಳಿಸಿಕೊಂಡು ನ್ಯೂಯಾರ್ಕ್‌ಗೆ ಕರೆತಂದ. 1988ರ ಆಗಸ್ಟ್ 1, ಡಬ್ಲ್ಯುಎಬಿಸಿ ಸ್ಟುಡಿಯೊದಿಂದ ರಾಷ್ಟ್ರೀಯ ಪ್ರಸಾರ ಶುರು, 56 ಸ್ಟೇಷನ್‌ಗಳಲ್ಲಿ. ‘ಎಕ್ಸಲೆನ್ಸ್ ಇನ್ ಬ್ರಾಡ್‌ಕಾಸ್ಟಿಂಗ್ ನೆಟ್‌ವರ್ಕ್’ ಅಂತ ಗಂಭೀರವಾಗಿ ಹೇಳಿಕೊಳ್ಳುತ್ತಿದ್ದ. ಹಾಗೊಂದು ನೆಟ್‌ವರ್ಕ್ ಇರಲೇ ಇಲ್ಲ, ಇದ್ದದ್ದು ಆತ ಮತ್ತು ಬಂಗಾರದ ಬಣ್ಣದ ಒಂದು ಮೈಕು!

ಈಗ ನಿಮ್ಮ ಫೇರ್‌ನೆಸ್ ಡಾಕ್ಟ್ರಿನ್. 1949ರ ನಿಯಮ. ವಿವಾದದ ವಿಷಯ ಮಾತಾಡಿದರೆ ಎದುರು ಅಭಿಪ್ರಾಯಕ್ಕೂ ಜಾಗ ಕೊಡಬೇಕು ಅಂತ. 1969ರಲ್ಲಿ ಸುಪ್ರೀಂ ಕೋರ್ಟ್ ಅದನ್ನ ಎತ್ತಿ ಹಿಡಿದಿತ್ತು. 1987ರ ಜೂನ್‌ನಲ್ಲಿ ಅಮೆರಿಕದ ಸಂಸತ್ತು ಕಾಂಗ್ರೆಸ್ ಅದನ್ನ ಕಾಯ್ದೆಯನ್ನಾಗಿಸಲು ಹೊರಟಾಗ ರೇಗನ್ ವೀಟೊ ಮಾಡಿದರು. ಆಗಸ್ಟ್‌ನಲ್ಲಿ ಪ್ರಸಾರ ನಿಯಂತ್ರಿಸೋ ಸಂಸ್ಥೆ ಎಫ್‌ಸಿಸಿ ಅದನ್ನ ಕೈಬಿಟ್ಟಿತು. ವರ್ಷದೊಳಗೆ ಲಿಂಬಾ ಬಂದ. ಇದನ್ನ ಅಲ್ಲಗಳೆಯೋಕಾಗಲ್ಲ. ಆದರೆ ಬಾಗಿಲು ತೆರೆದ ಮಾತ್ರಕ್ಕೆ ಒಳಗೆ ಬರೋಕೆ ಯಾರಾದರೂ ಇರಬೇಕಲ್ಲ. ಎಪ್ಪತ್ತರ ದಶಕದ ಕೊನೆಗೆ ಸಂಗೀತ ಬಹುಪಾಲು ಎಫ್‌ಎಂ ಕಡೆ ಹೋಗಿತ್ತು. ಎಎಂ ಸ್ಟೇಷನ್‌ಗಳು ಹಗಲು ಹೊತ್ತು ಏನು ಹಾಕೋದು ಅಂತ ಗೊತ್ತಿಲ್ಲದೆ ಸಾಯುತ್ತಿದ್ದವು. ಉಪಗ್ರಹ ಪ್ರಸಾರ ಅಗ್ಗವಾಗಿತ್ತು. ಉಚಿತ 800 ನಂಬರ್‌ಗೆ ದೇಶದ ಯಾವ ಮೂಲೆಯಿಂದಾದರೂ ಫೋನ್ ಮಾಡಬಹುದಿತ್ತು.

ಇದಕ್ಕಿಂತ ಮುಖ್ಯ ವ್ಯಾಪಾರದ ಲೆಕ್ಕ, ಸೆಮಿನಾರ್‌ನಲ್ಲಿ ಇದನ್ನ ಬಿಡಬೇಡಿ. ಕಾರ್ಯಕ್ರಮವನ್ನ ಸ್ಟೇಷನ್‌ಗಳಿಗೆ ಶುರುವಿನಲ್ಲಿ ದುಡ್ಡು ಕೇಳದೆ ಕೊಟ್ಟರು. ಪ್ರತಿಯಾಗಿ ಗಂಟೆಗೆ ಇಷ್ಟು ನಿಮಿಷ ನಮ್ಮ ಜಾಹೀರಾತು ಹಾಕಬೇಕು, ಉಳಿದ ನಿಮಿಷ ನೀವು ಮಾರಿಕೊಳ್ಳಿ. ಮುಳುಗುತ್ತಿದ್ದ ಸಣ್ಣ ಊರಿನ ಸ್ಟೇಷನ್ ಮಾಲೀಕನಿಗೆ ಮೂರು ಗಂಟೆಯ ನಿರೂಪಕನ ಸಂಬಳ ಉಳೀತು, ಮೇಲೆ ಕೇಳುಗರೂ ಬಂದರು. ಆ ಮಾಲೀಕ ಡೆಮಾಕ್ರಟ್ ಆಗಿದ್ದರೂ ಬೇಡ ಅನ್ನುತ್ತಿರಲಿಲ್ಲ. 1996ರ ಟೆಲಿಕಾಂ ಕಾಯ್ದೆ ಬಂದು ಒಂದೇ ಕಂಪನಿ ದೇಶದಾದ್ಯಂತ ಎಷ್ಟು ಸ್ಟೇಷನ್ ಬೇಕಾದರೂ ಕೊಳ್ಳಬಹುದು ಅಂತಾದ ಮೇಲೆ ಕ್ಲಿಯರ್ ಚಾನೆಲ್ ಅನ್ನೋ ಕಂಪನಿ ಸಾವಿರದ ಮೇಲೆ ಸ್ಟೇಷನ್ ಕೊಂಡಿತು. ಲಿಂಬಾ ಕಾರ್ಯಕ್ರಮ ಹಂಚುತ್ತಿದ್ದ ಪ್ರೀಮಿಯರ್ ಅದರದೇ ಅಂಗಸಂಸ್ಥೆಯಾಯಿತು.

ಕೇಳೋಕೆ ಹೇಗಿತ್ತು ಅಂದರೆ: ಅತಿಥಿಗಳು ಅಪರೂಪ, ಫೋನ್ ಕರೆಗಳೂ ಕಡಿಮೆ. ಬಹುಪಾಲು ಒಬ್ಬನೇ. ಮೇಜಿನ ಮೇಲೆ ಬೆರಳು ಬಡಿಯೋದು, ಪತ್ರಿಕೆ ಕತ್ತರಿಸಿದ ಹಾಳೆಗಳನ್ನ ಮೈಕ್ ಹತ್ತಿರವೇ ಸರಸರ ಅನ್ನಿಸೋದು. ಆಮೇಲೆ ಇದ್ದಕ್ಕಿದ್ದಂತೆ ಮೌನ. ರೇಡಿಯೊದಲ್ಲಿ ಎರಡು ಸೆಕೆಂಡ್ ಸದ್ದಿಲ್ಲ ಅಂದರೆ ಉಳಿದವರಿಗೆ ಎದೆ ಹಾರುತ್ತೆ, ಈತ ಮೂರು ನಾಲ್ಕು ಸೆಕೆಂಡ್ ಹಾಗೇ ಬಿಡುತ್ತಿದ್ದ. ನಾನು ಕೆಟ್ಟುಹೋಯಿತೇನೋ ಅಂತ ಗುಂಡಿಗೆ ಕೈ ಹಾಕುವಷ್ಟರಲ್ಲಿ ಮತ್ತೆ ಶುರು. ದೇವರಿಂದ ಎರವಲು ತಂದ ಪ್ರತಿಭೆ ಅಂತ, ಎದುರಾಳಿಗೂ ಒಂದು ಅವಕಾಶ ಇರಲಿ ಅಂತ ಅರ್ಧ ಮಿದುಳು ಬೆನ್ನಹಿಂದೆ ಕಟ್ಟಿಕೊಂಡು ಕೂತಿದೀನಿ ಅಂತ ಬಡಾಯಿ. ಈ ಜಂಬ ನಾಟಕ ಅಂತ ಕೇಳುಗರಿಗೆ ಗೊತ್ತಿತ್ತು, ಗೊತ್ತಿರೋದೇ ಮಜಾ. ಹೊಗಳಿಕೆಗೆ ಸಮಯ ಹಾಳು ಮಾಡದೆ ‘ಡಿಟ್ಟೊ’ ಅಂದುಬಿಡೋದು ಕರೆ ಮಾಡುವವರ ರೂಢಿಯಾಗಿ, ಅಭಿಮಾನಿಗಳಿಗೆ ‘ಡಿಟ್ಟೊಹೆಡ್’ ಅಂತಲೇ ಹೆಸರು ಬಿತ್ತು. ಮಧ್ಯಾಹ್ನ ಊಟದ ಹೊತ್ತಿಗೆ ಕಾರ್ಯಕ್ರಮ ಕೇಳಿಸೋಕೆ ಹೋಟೆಲುಗಳಲ್ಲಿ ‘ರಶ್ ರೂಮ್’ ಅಂತ ಪ್ರತ್ಯೇಕ ಕೋಣೆ ಇಡುತ್ತಿದ್ದರು. 1993ರಲ್ಲಿ ಒಬ್ಬ ಕೇಳುಗ ಲಿಂಬಾನ ಮಾಸಪತ್ರಿಕೆಗೆ ಚಂದಾ ಕಟ್ಟೋಕೆ ದುಡ್ಡಿಲ್ಲ ಅಂದಾಗ, ಕೇಕು ಬಿಸ್ಕತ್ತು ಮಾರಿ ದುಡ್ಡು ಮಾಡಿಕೋ ಅಂತ ಲಿಂಬಾ ತಮಾಷೆ ಮಾಡಿದ. ಕೊಲೊರಾಡೊದ ಫೋರ್ಟ್ ಕಾಲಿನ್ಸ್‌ನಲ್ಲಿ ಆ ಮಾರಾಟಕ್ಕೆ ಹತ್ತಾರು ಸಾವಿರ ಜನ ಸೇರಿದರು. ಮೂವತ್ತು ಡಾಲರ್ ಚಂದಾಕ್ಕೆ!

ಪಕ್ಷ ಯಾಕೆ ಹೆದರುತ್ತಿತ್ತು ಅನ್ನೋ ನಿಮ್ಮ ಪ್ರಶ್ನೆಗೆ ಉತ್ತರ ಬಹುಶಃ ಆ ಜನಸಂದಣಿಯಲ್ಲೇ ಇದೆ: ಆತನ ಒಂದು ತಮಾಷೆಗೆ ಅಷ್ಟು ಜನ ಬಂದರೆ, ಮತ ಹಾಕೋಕೂ ಬರಬಹುದಲ್ಲ. 1994ರಲ್ಲಿ ರಿಪಬ್ಲಿಕನ್ನರು 54 ಸ್ಥಾನ ಹೆಚ್ಚು ಗೆದ್ದು, ನಲವತ್ತು ವರ್ಷದ ನಂತರ ಕಾಂಗ್ರೆಸ್‌ನ ಕೆಳಮನೆ ಹೌಸ್ ಹಿಡಿದರು. ಹೊಸದಾಗಿ ಬಂದ 73 ರಿಪಬ್ಲಿಕನ್ ಸದಸ್ಯರು ಲಿಂಬಾನನ್ನು ತಮ್ಮ ತಂಡದ ಗೌರವ ಸದಸ್ಯ ಅಂತ ಘೋಷಿಸಿದರು.

ನೀಲಿಗೆರೆ:

ಮೇಲಿನ ಉತ್ತರ ಚೆನ್ನಾಗಿದೆ, ಆದರೆ ತುಂಬಾ ಮೆತ್ತಗಿದೆ. ಕಸುಬು ಅಂತ ಹೊಗಳಿಬಿಟ್ಟರೆ ಆ ಕಸುಬು ಯಾರ ಮೇಲೆ ಬಿತ್ತು ಅನ್ನೋದು ಕಾಣಲ್ಲ.

ರಾಷ್ಟ್ರೀಯ ಪ್ರಸಾರದ ಮೊದಲ ವರ್ಷಗಳಲ್ಲಿ ಏಡ್ಸ್‌ನಿಂದ ಸತ್ತವರನ್ನ ಗೇಲಿ ಮಾಡೋ ‘ಏಡ್ಸ್ ಅಪ್‌ಡೇಟ್’ ಅಂತ ಒಂದು ಭಾಗ ಇತ್ತು. ಆಮೇಲೆ ಅದಕ್ಕೆ ವಿಷಾದ ಸೂಚಿಸಿ ನಿಲ್ಲಿಸಿದ. ಅದೇ ಕಾಲದಲ್ಲಿ ಇಷ್ಟವಿಲ್ಲದ ಕರೆಗಳನ್ನ ವ್ಯಾಕ್ಯೂಮ್ ಕ್ಲೀನರ್ ಸದ್ದಿನೊಂದಿಗೆ ಕತ್ತರಿಸಿ ಅದನ್ನ ‘ಗರ್ಭಪಾತ’ ಅಂತ ಕರೆಯುತ್ತಿದ್ದ. 2003ರಲ್ಲಿ ಕ್ರೀಡಾ ಚಾನೆಲ್ ಇಎಸ್‌ಪಿಎನ್‌ಗೆ ಹೋಗಿ, ಅಮೆರಿಕನ್ ಫುಟ್‌ಬಾಲ್ ಆಟಗಾರ ಡೊನೊವನ್ ಮೆಕ್‌ನ್ಯಾಬ್ ಕಪ್ಪು ಕ್ವಾರ್ಟರ್‌ಬ್ಯಾಕ್ ಆದ್ದರಿಂದಲೇ ಮಾಧ್ಯಮ ಅವನನ್ನ ಎತ್ತಿಹಿಡಿಯುತ್ತೆ ಅನ್ನೋ ಅರ್ಥದಲ್ಲಿ ಮಾತಾಡಿ, ಕೆಲವೇ ದಿನದಲ್ಲಿ ರಾಜೀನಾಮೆ ಕೊಟ್ಟ.

2006ರದ್ದು ಮಿಸೌರಿಯದೇ ಕಥೆ. ಡೆಮಾಕ್ರಟ್ ಸೆನೆಟ್ ಅಭ್ಯರ್ಥಿ ಕ್ಲೇರ್ ಮೆಕ್‌ಕ್ಯಾಸ್ಕಿಲ್ ಪರ ನಟ ಮೈಕೆಲ್ ಜೆ. ಫಾಕ್ಸ್ ಒಂದು ಜಾಹೀರಾತಿನಲ್ಲಿ ಕಾಣಿಸಿಕೊಂಡರು, ಕಾಂಡಕೋಶ ಸಂಶೋಧನೆ ಬೆಂಬಲಿಸಿ. ಪಾರ್ಕಿನ್ಸನ್ ಕಾಯಿಲೆಯಿಂದ ಅವರ ಮೈ ಅಲುಗಾಡುತ್ತಿತ್ತು. ಲಿಂಬಾ ಸ್ಟುಡಿಯೊ ಕ್ಯಾಮೆರಾ ಮುಂದೆ ಅದನ್ನ ಅಣಕಿಸಿ ತೋರಿಸಿದ. ಮಾತ್ರೆ ಬಿಟ್ಟು ಬಂದಿದ್ದಾನೆ ಇಲ್ಲವೇ ನಟಿಸುತ್ತಿದ್ದಾನೆ ಅಂದ. ಪಾರ್ಕಿನ್ಸನ್ ಔಷಧಿಯೇ ಅಂಥ ಅನೈಚ್ಛಿಕ ಚಲನೆ ತರುತ್ತೆ ಅನ್ನೋದು ಆ ಕಾಯಿಲೆಯವರ ಮನೆಯಲ್ಲಿ ಎಲ್ಲರಿಗೂ ಗೊತ್ತು. ಚುನಾವಣೆ ಗೆದ್ದದ್ದು ಮೆಕ್‌ಕ್ಯಾಸ್ಕಿಲ್.

2012ರಲ್ಲಿ ನಾನು ವಾಷಿಂಗ್ಟನ್‌ನಲ್ಲಿ ಓದುತ್ತಿದ್ದೆ. ಜಾರ್ಜ್‌ಟೌನ್ ಕಾನೂನು ವಿದ್ಯಾರ್ಥಿನಿ ಸಾಂಡ್ರಾ ಫ್ಲೂಕ್, ಗರ್ಭನಿರೋಧಕಗಳಿಗೆ ವಿಮೆ ಇರಬೇಕು ಅಂತ ಡೆಮಾಕ್ರಟ್ ಸದಸ್ಯರ ಮುಂದೆ ಹೇಳಿಕೆ ಕೊಟ್ಟಿದ್ದಕ್ಕೆ ಈತ ದಿನಗಟ್ಟಲೆ ಬಳಸಿದ ಪದಗಳನ್ನ ಇಲ್ಲಿ ಬರೆಯಲ್ಲ. ನನ್ನ ಜೊತೆ ಓದುತ್ತಿದ್ದ ಹುಡುಗಿಯರು ತಂತಮ್ಮ ಅಪ್ಪಂದಿರಿಗೆ ಫೋನ್ ಮಾಡಿ ಜಗಳ ಆಡಿದ್ದು ನೆನಪಿದೆ, ಯಾಕಂದರೆ ಆ ಅಪ್ಪಂದಿರು ದಿನವೂ ಕೇಳುತ್ತಿದ್ದದ್ದು ಇದನ್ನೇ. ಹತ್ತಾರು ಜಾಹೀರಾತುದಾರರು ಕೈಬಿಟ್ಟರು. ಮಾರ್ಚ್ 3ರಂದು ಕ್ಷಮೆ ಕೇಳಿದ. ‘ಬರೀ ಮನರಂಜನೆಗಾರ’ ಅನ್ನೋ ವಾದ ನನಗೆ ಒಪ್ಪಿಗೆಯಾಗೋದು ಕಷ್ಟ. ಕಾಂಗ್ರೆಸ್ ಸದಸ್ಯರಿಗೆ ಪಾಠ ಹೇಳುವಾಗ ನಾಯಕ, ಸಿಕ್ಕಿಬಿದ್ದಾಗ ಹಾಸ್ಯಗಾರ. ಅನುಕೂಲದ ಏರ್ಪಾಡು.

ಕಿವಿಮಾತು:

ನಾನು ಶ್ರವಣ ಚಿಕಿತ್ಸೆಯ ಕೆಲಸದಲ್ಲಿದೀನಿ. ರಾಜಕೀಯ ನಿಮಗೇ ಇರಲಿ. ಯಾರೂ ಹೇಳದ ಒಂದು ವಿಷಯ: ಕೊನೆಯ ಹತ್ತೊಂಬತ್ತು ವರ್ಷ ಆ ಕಾರ್ಯಕ್ರಮ ನಡೆಸಿದವನು ಕಿವುಡ.

2001ರಲ್ಲಿ ಕೆಲವೇ ತಿಂಗಳಲ್ಲಿ ಎರಡೂ ಕಿವಿ ಹೋದವು. ಅಕ್ಟೋಬರ್‌ನಲ್ಲಿ ಕಾರ್ಯಕ್ರಮದಲ್ಲೇ ಹೇಳಿಕೊಂಡ. ಒಳಗಿವಿಯ ಸ್ವರಕ್ಷಿತ ರೋಗ ಅನ್ನೋದು ಆಗ ಕೊಟ್ಟ ಕಾರಣ. ದೇಹದ ರೋಗನಿರೋಧಕ ವ್ಯವಸ್ಥೆ ತನ್ನದೇ ಒಳಗಿವಿಯ ಮೇಲೆ ದಾಳಿ ಮಾಡೋದು. ಎರಡು ವರ್ಷದ ನಂತರ, 2003ರ ಅಕ್ಟೋಬರ್ 10ರಂದು, ನೋವಿನ ಮಾತ್ರೆಗಳಿಗೆ ದಾಸನಾಗಿದೀನಿ ಅಂತ ಪ್ರಸಾರದಲ್ಲೇ ಒಪ್ಪಿಕೊಂಡು ಚಿಕಿತ್ಸೆಗೆ ಹೋದ. ಹೈಡ್ರೊಕೊಡೋನ್ ಅನ್ನೋ ನೋವಿನ ಮಾತ್ರೆಯ ಅತಿಬಳಕೆಯಿಂದ ಹೀಗೆ ದಿಢೀರ್ ಕಿವುಡಾದ ಪ್ರಕರಣಗಳು ವೈದ್ಯಕೀಯ ಸಾಹಿತ್ಯದಲ್ಲಿ ಇವೆ, ಹಾಗಾಗಿ ಜನ ಎರಡನ್ನೂ ಜೋಡಿಸಿದರು. ಲಿಂಬಾ ವಿಷಯದಲ್ಲಿ ಅದು ಸಾಬೀತಾಗಿದ್ದಲ್ಲ. ಆ ಮಾತ್ರೆಗಳ ವಿಷಯದಲ್ಲಿ ಫ್ಲೋರಿಡಾದಲ್ಲಿ ಹೂಡಿದ್ದ ಪ್ರಕರಣ 2006ರಲ್ಲಿ ಒಪ್ಪಂದದಲ್ಲಿ ಮುಗೀತು: ತನಿಖೆಯ ಖರ್ಚಿಗೆ 30,000 ಡಾಲರ್, ಚಿಕಿತ್ಸೆ ಮುಂದುವರಿಸಿದರೆ ಆರೋಪ ರದ್ದು.

ಕಿವಿ ಪೂರ್ತಿ ಹೋದ ತಿಂಗಳುಗಳಲ್ಲೂ ಕಾರ್ಯಕ್ರಮ ನಿಲ್ಲಲಿಲ್ಲ. ಕರೆ ಮಾಡಿದವರ ಮಾತನ್ನ ಸಿಬ್ಬಂದಿ ಟೈಪ್ ಮಾಡುತ್ತಿದ್ದರು, ಆತ ಪರದೆಯಲ್ಲಿ ಓದಿ ಉತ್ತರ ಕೊಡುತ್ತಿದ್ದ. ಅದಕ್ಕಿಂತ ಕಷ್ಟದ್ದು ತನ್ನ ದನಿಯೇ ತನಗೆ ಕೇಳದಿರೋದು. ದೊಡ್ಡವರಾದ ಮೇಲೆ ಕಿವುಡಾದವರಲ್ಲಿ ಉಚ್ಚಾರ, ಏರಿಳಿತ ನಿಧಾನಕ್ಕೆ ಜಾರುತ್ತೆ. ಆ ಶರತ್ಕಾಲದ ಧ್ವನಿಮುದ್ರಣದಲ್ಲಿ ಗಮನವಿಟ್ಟರೆ ಅದು ಕೇಳಿಸುತ್ತೆ ಕೂಡ.

ಡಿಸೆಂಬರ್‌ನಲ್ಲಿ ಎಡಗಿವಿಗೆ ಕಾಕ್ಲಿಯರ್ ಇಂಪ್ಲಾಂಟ್ ಹಾಕಿದರು. ಇದು ಸದ್ದು ದೊಡ್ಡದು ಮಾಡೋ ಯಂತ್ರವಲ್ಲ. ಹೊರಗಿನ ಮೈಕ್ ಹಿಡಿದ ಸದ್ದನ್ನ ಸಂಸ್ಕಾರಕ ವಿದ್ಯುತ್ ಸಂಕೇತ ಮಾಡಿ, ಚರ್ಮದ ಮೂಲಕ ಒಳಗಿನ ಭಾಗಕ್ಕೆ ಕಳಿಸುತ್ತೆ. ಅಲ್ಲಿಂದ ಒಳಗಿವಿಯ ಸುರುಳಿಯೊಳಗೆ ತೂರಿಸಿದ ಒಂದೆರಡು ಡಜನ್ ಎಲೆಕ್ಟ್ರೋಡುಗಳು ನೇರ ಶ್ರವಣ ನರವನ್ನ ಪ್ರಚೋದಿಸುತ್ತವೆ. ಸಹಜ ಕಿವಿಯಲ್ಲಿ ಹದಿನೈದು ಸಾವಿರದಷ್ಟು ಕೂದಲುಕೋಶಗಳು ಮಾಡೋ ಕೆಲಸ ಅಷ್ಟರ ಮೇಲೆ ಬೀಳುತ್ತೆ. ಮಾತು ಅರ್ಥವಾಗೋಕೆ ಸಾಕು, ಸಂಗೀತಕ್ಕೆ ಸಾಲದು. ಲಿಂಬಾನೇ ಇದನ್ನ ಹೇಳಿದ್ದ: ಕಿವುಡಾಗೋ ಮುಂಚೆ ಕೇಳಿದ್ದ ಹಾಡಾದರೆ ನೆನಪು ರಾಗ ತುಂಬಿಸಿಕೊಡುತ್ತೆ, ಹೊಸ ಹಾಡು ಗದ್ದಲವಷ್ಟೇ. ನನ್ನ ರೋಗಿಗಳೂ ಇದನ್ನೇ ಹೇಳ್ತಾರೆ. ಬಲಗಿವಿಗೆ ಇಂಪ್ಲಾಂಟ್ ಬಂದದ್ದು 2014ರಲ್ಲಿ.

ತರಂಗ_ಓದುಗ:

ಮೂವರಿಗೂ ಋಣಿ. ಕಿವುಡಿನ ವಿಷಯ ನಾನು ನೋಡಿದ ಯಾವ ಲೇಖನದಲ್ಲೂ ಒಂದು ಸಾಲಿಗಿಂತ ಹೆಚ್ಚಿರಲಿಲ್ಲ. ಐವತ್ತೈದರ_ದಾರಿಯವರಿಗೆ ಇನ್ನೆರಡು ಪ್ರಶ್ನೆ. ನೀಲಿಗೆರೆಯವರ ಮಾತಿಗೆ ಏನಂತೀರಿ? ಮತ್ತೆ, ಅಷ್ಟು ಪ್ರಭಾವ ಇದ್ದವನು ತಾನೇ ಯಾಕೆ ಚುನಾವಣೆಗೆ ನಿಲ್ಲಲಿಲ್ಲ?

ಐವತ್ತೈದರ_ದಾರಿ:

ನೀಲಿಗೆರೆ ಹೇಳಿದ ಘಟನೆಗಳಲ್ಲಿ ಒಂದನ್ನೂ ನಾನು ಅಲ್ಲಗಳೆಯಲ್ಲ. ಕಸುಬು ಅಂತ ಕರೆದದ್ದು ಹೊಗಳಿಕೆಗಲ್ಲ. ಫಾಕ್ಸ್‌ನನ್ನ ಅಣಕಿಸಿದ್ದೂ ಅದೇ ಕಸುಬಿನ ಭಾಗ. ಕೇಳುಗ ಗುಂಡಿ ತಿರುಗಿಸದಂತೆ ಮಾಡಬೇಕು, ಅದಕ್ಕೆ ಆ ಮಧ್ಯಾಹ್ನ ಏನು ಕೈಗೆ ಸಿಕ್ಕರೂ ಸರಿ. ಅದರಲ್ಲಿ ಒಂದು ಕಾಯಿಲೆ ಬಿದ್ದ ಮನುಷ್ಯ ಸಿಕ್ಕರೂ ಸರಿ. ಇದೇ ನನಗೆ ಹೆಚ್ಚು ಕಸಿವಿಸಿ ಮಾಡೋದು. ಸಿದ್ಧಾಂತ ಇದ್ದವನಾದರೆ ಎಲ್ಲೋ ಒಂದು ಕಡೆ ನಿಲ್ಲುತ್ತಿದ್ದ.

ಸಿಗರೇಟಿನ ಉದಾಹರಣೆ ನೋಡಿ. ಎಂಬತ್ತರ ದಶಕದಲ್ಲೇ ಸಿಗರೇಟು ಬಿಟ್ಟಿದ್ದ, ಆಮೇಲೆ ಸಿಗಾರ್ ಹಿಡಿದ, ಸಿಗಾರ್ ಪತ್ರಿಕೆಯ ಮುಖಪುಟಕ್ಕೂ ಬಂದ. ಪಕ್ಕದವರ ಹೊಗೆಯಿಂದ ಅಪಾಯ ಅನ್ನೋದೇ ಸುಳ್ಳು ಅಂತ ವಾದಿಸುತ್ತಿದ್ದ. 2015ರಲ್ಲಂತೂ, ತಂಬಾಕಿನ ತೆರಿಗೆಯಿಂದ ಮಕ್ಕಳ ಆರೋಗ್ಯ ಯೋಜನೆ ನಡೆಯುತ್ತೆ, ಸೇದುವವರಿಗೆ ಪದಕ ಕೊಡಬೇಕು ಅಂದ. 2020ರ ಫೆಬ್ರವರಿ 3ರಂದು ತನಗೆ ಶ್ವಾಸಕೋಶದ ಕ್ಯಾನ್ಸರ್ ಮುಂದುವರಿದ ಹಂತದಲ್ಲಿದೆ ಅಂತ ಹೇಳಿದ. ಮಾರನೇ ರಾತ್ರಿ ಟ್ರಂಪ್ ಕಾಂಗ್ರೆಸ್ ಮುಂದೆ ವಾರ್ಷಿಕ ಭಾಷಣ ಮಾಡ್ತಾ, ಮೆಲಾನಿಯಾ ಕೈಯಿಂದ ಆತನ ಕೊರಳಿಗೆ ದೇಶದ ದೊಡ್ಡ ನಾಗರಿಕ ಪದಕ ‘ಪ್ರೆಸಿಡೆನ್ಷಿಯಲ್ ಮೆಡಲ್ ಆಫ್ ಫ್ರೀಡಂ’ ಹಾಕಿಸಿದರು. ಅರ್ಧ ಸಭೆ ಎದ್ದು ಚಪ್ಪಾಳೆ ಹೊಡೀತು, ಉಳಿದರ್ಧ ಕೂತೇ ಇತ್ತು. ಆಮೇಲೂ ಒಂದು ವರ್ಷ ಚಿಕಿತ್ಸೆಯ ನಡುವೆ ಬಂದು ಮಾತಾಡಿದ. 2021ರ ಫೆಬ್ರವರಿ 17ರಂದು ಹೆಂಡತಿ ಕ್ಯಾಥರಿನ್ ಅದೇ ಕಾರ್ಯಕ್ರಮದ ಶುರುವಿನಲ್ಲಿ ಸಾವಿನ ಸುದ್ದಿ ಹೇಳಿದರು. ವಯಸ್ಸು 70. ಸಮಾಧಿ ಸೇಂಟ್ ಲೂಯಿಸ್‌ನಲ್ಲಿ. ಸ್ಟೇಷನ್‌ಗಳು ತಿಂಗಳುಗಟ್ಟಲೆ ಹಳೇ ಮುದ್ರಣಗಳನ್ನೇ ಹಾಕುತ್ತಿದ್ದವು. ಜೂನ್‌ನಲ್ಲಿ ಆ ಹೊತ್ತನ್ನ ಕ್ಲೇ ಟ್ರಾವಿಸ್, ಬಕ್ ಸೆಕ್ಸ್‌ಟನ್ ಅನ್ನೋ ಇಬ್ಬರಿಗೆ ಕೊಟ್ಟರು.

ಚುನಾವಣೆ ವಿಷಯ. 2009ರ ಜನವರಿಯಲ್ಲಿ ಒಬಾಮ ಅಧಿಕಾರ ಹಿಡಿಯೋ ಹೊತ್ತಿಗೆ ಈತ ‘ಅವರು ಸೋಲಲಿ ಅಂತಲೇ ನನ್ನ ಆಸೆ’ ಅಂದ. ಅದನ್ನ ಟೀಕಿಸಿದ ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಮೈಕೆಲ್ ಸ್ಟೀಲ್ ಕೆಲವೇ ದಿನದಲ್ಲಿ ಲಿಂಬಾನ ಕ್ಷಮೆ ಕೇಳಬೇಕಾಯಿತು. ಪಕ್ಷದ ಅಧ್ಯಕ್ಷನೇ ರೇಡಿಯೊದವನ ಕ್ಷಮೆ ಕೇಳೋ ಸ್ಥಿತಿ ಇರುವಾಗ, ಇವನು ಯಾವ ಹುದ್ದೆಗೆ ನಿಲ್ಲಬೇಕಿತ್ತು? ಇನ್ನು ದುಡ್ಡು. ಅಮೆರಿಕದ ಅಧ್ಯಕ್ಷರ ಸಂಬಳ ವರ್ಷಕ್ಕೆ 4 ಲಕ್ಷ ಡಾಲರ್. 2008ರಲ್ಲಿ ಲಿಂಬಾ ಸಹಿ ಹಾಕಿದ ಎಂಟು ವರ್ಷದ ಒಪ್ಪಂದ ಸುಮಾರು 40 ಕೋಟಿ ಡಾಲರಿನದ್ದು, ಫ್ಲೋರಿಡಾದ ಪಾಮ್ ಬೀಚ್‌ನಲ್ಲಿ ಮನೆ ಹತ್ತಿರವೇ ಸ್ಟುಡಿಯೊ, ಶನಿವಾರ ಭಾನುವಾರ ರಜೆ.